ನಲವತ್ತು ಪಾಸಿನ ಮದುವೆ

ಕೋವಿಡ್‌ನಿಂದಾಗಿ 2021ರ ಜೂನ್ ಕೊನೆಯ ವಾರ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆ ಹಿಂದೆಂದೂ ಇಲ್ಲದ ಕೆಲಸವೊಂದು ಬಂತು. ಮದುವೆ ಮನೆಯವರು ಲಗ್ನಪತ್ರಿಕೆ ಹಿಡಿದು ತಹಸೀಲ್ದಾರರ ಬಳಿ ಬರಬೇಕು, ಅರ್ಜಿ ಕೊಡಬೇಕು, ಯಾರು ಯಾರು ಬರುತ್ತಾರೆಂದು ತಿಳಿಸಬೇಕು. ಕಚೇರಿ ಹೆಸರಿಗೊಂದರಂತೆ 40 ಪಾಸು ಕೊಡುತ್ತದೆ. ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ. ಬೆಂಗಳೂರಿನಲ್ಲಾದರೆ ಅನುಮತಿ ಬಿಬಿಎಂಪಿಯ ಜಂಟಿ ಆಯುಕ್ತರದು. ಜೂನ್ 28ರಿಂದ ಛತ್ರ, ಹೋಟೆಲು, ರೆಸಾರ್ಟುಗಳ ಬಾಗಿಲು ಮದುವೆಗೆ ತೆರೆದದ್ದು ಈ ಷರತ್ತಿನ ಮೇಲೆ. ಅದಕ್ಕೆ ಹಿಂದಿನ ವಾರಗಳಲ್ಲಿ ಧಾರೆ ನಡೆಯಬೇಕಿದ್ದರೆ ಮನೆಯಲ್ಲೇ ನಡೆಯಬೇಕಿತ್ತು, ಅಲ್ಲೂ 40 ಜನರ ಮಿತಿಯೇ.

ನಲವತ್ತು ಹೆಸರು ಬರೆಯುವುದು ಸುಲಭವೆಂದು ಕಾಣಬಹುದು. ಗಂಡಿನ ಕಡೆ ಇಪ್ಪತ್ತು, ಹೆಣ್ಣಿನ ಕಡೆ ಇಪ್ಪತ್ತು ಎಂದು ಹಂಚಿಕೊಂಡ ಮೇಲೆ ನಿಜವಾದ ಸಂಕಟ ಶುರುವಾಗುತ್ತದೆ. ಹೆಣ್ಣನ್ನು ಹಸೆಮಣೆಗೆ ಕರೆತರುವ ಸೋದರಮಾವ ಬೇಕು. ಕಳಸ ಹಿಡಿಯುವ ತಂಗಿ ಬೇಕು. ದೊಡ್ಡಪ್ಪನನ್ನು ಬರೆದು ಚಿಕ್ಕಪ್ಪನನ್ನು ಬಿಟ್ಟರೆ ಮನೆ ಒಡೆಯುತ್ತದೆ. ಪುರೋಹಿತರು, ಅಡುಗೆಯವರು, ವಾಲಗದವರು, ಫೋಟೊದವರು ಈ ನಲವತ್ತರೊಳಗೋ ಹೊರಗೋ? ಊರಿಗೆ ಊರನ್ನೇ ಕರೆದು ಬಡಿಸಿದ ಮನೆತನಗಳಿಗೆ ಈ ಪಟ್ಟಿ ಬರೆಯುವುದು ಯಾರನ್ನು ಕರೆಯಬಾರದು ಎಂದು ತೀರ್ಮಾನಿಸುವ ಕೆಲಸವೇ ಆಯಿತು.

ಕರ್ನಾಟಕದ ಮದುವೆಗಳಲ್ಲಿ ಸೇರುವ ಜನರನ್ನು ಆಡಂಬರದ ಲೆಕ್ಕದಲ್ಲಿ ಮಾತ್ರ ನೋಡುವ ರೂಢಿ ಬಹಳ ದಿನದಿಂದಿದೆ. ಅದಕ್ಕೆ ಕಾರಣವೂ ಉಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವೊಂದು 2012ರ ಸುಮಾರಿಗೆ ನಗರದ 531 ಕಲ್ಯಾಣ ಮಂಟಪಗಳ ಪೈಕಿ 75ರಲ್ಲಿ ಸಮೀಕ್ಷೆ ನಡೆಸಿ, ಮದುವೆ ಊಟದಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆ ಎಂದು ಅಂದಾಜು ಮಾಡಿತ್ತು. ಅದು ತಲೆ ತಗ್ಗಿಸಬೇಕಾದ ಅಂಕಿ. ಆದರೂ ಆ ಜನಸಂದಣಿ ಊಟ ಮಾಡುವುದರ ಜೊತೆಗೆ ಇನ್ನೂ ಹಲವು ಕೆಲಸ ಮಾಡುತ್ತಿತ್ತು. ಮದುವೆಗೆ ಸಾಕ್ಷಿಯಾಗುತ್ತಿತ್ತು. ಮುಯ್ಯಿಯ ಮೂಲಕ ಖರ್ಚನ್ನು ಹೊರುತ್ತಿತ್ತು. ಸಾವಿರಾರು ಕೈಗಳಿಗೆ ದುಡಿಮೆ ಕೊಡುತ್ತಿತ್ತು. ಹುಡುಗಿಯ ವಯಸ್ಸೆಷ್ಟು ಎಂದು ಕೇಳುವ ನಾಲ್ಕು ಬಾಯಿಗಳೂ ಅದರಲ್ಲೇ ಇರುತ್ತಿದ್ದವು. 2020 ಮತ್ತು 2021ರಲ್ಲಿ ಮಂತ್ರ, ಮಾಂಗಲ್ಯ, ಸಪ್ತಪದಿ ಯಾವುದಕ್ಕೂ ಚ್ಯುತಿ ಬರಲಿಲ್ಲ. ಪೆಟ್ಟು ಬಿದ್ದದ್ದು ಜನ ಸೇರಿ ಮಾಡುತ್ತಿದ್ದ ಈ ಕೆಲಸಗಳಿಗೆ.

ರೋಗದ ಹೆಸರಿನಲ್ಲಿ ಸರ್ಕಾರ ಜನರ ಓಡಾಟಕ್ಕೆ ಕೈಹಾಕಿದ್ದು ಈ ನಾಡಿಗೆ ಹೊಸತೇನಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮರುವರ್ಷ ಹುಬ್ಬಳ್ಳಿ, ಧಾರವಾಡದ ಕಡೆ ಇಳಿಯಿತು. 1898ರ ಆಗಸ್ಟ್‌ನಲ್ಲಿ ರೈಲು ಹಾದಿ ಹಿಡಿದು ಬೆಂಗಳೂರು ತಲುಪಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ನಾಲ್ಕೇ ಕಲಮುಗಳದ್ದು. ರೈಲು ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ, ಶಂಕಿತರನ್ನು ಬೇರೆ ಇರಿಸುವ ಅಧಿಕಾರ ಅದರಿಂದ ಬಂತು. ಮೈಸೂರು ಸಂಸ್ಥಾನವೂ ಪ್ಲೇಗ್ ಕಮಿಷನರರನ್ನು ನೇಮಿಸಿ ಇಂಥವೇ ಕಟ್ಟುಪಾಡುಗಳನ್ನು ಹೇರಿತು. ಆ ಹೊಣೆ ಹೊತ್ತವರು ಮುಂದೆ ದಿವಾನರಾದ ವಿ.ಪಿ. ಮಾಧವರಾವ್. ಜನ ಸುಮ್ಮನೆ ಒಪ್ಪಲಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ದಂಗೆಯೇ ಆಯಿತು.

ಆ ಕಾಲದ ಮದುವೆಯೆಂದರೆ ನಾಲ್ಕೈದು ದಿನದ ಸಂಭ್ರಮ. ಮನೆ ಮುಂದೆ ಬೀದಿಗಡ್ಡಲಾಗಿ ಚಪ್ಪರ, ಅಕ್ಕಪಕ್ಕದ ಮನೆಗಳಲ್ಲೆಲ್ಲ ಬೀಗರ ಬಿಡಾರ. ಎತ್ತಿನ ಗಾಡಿಯಲ್ಲೋ ರೈಲಿನಲ್ಲೋ ದಿಬ್ಬಣ ಬರಬೇಕು. ಇಲಿ ಸತ್ತು ಬಿತ್ತು ಎಂದರೆ ಇಡೀ ಊರು ಖಾಲಿಯಾಗಿ ತೋಟ, ಬಯಲುಗಳಲ್ಲಿ ಗುಡಿಸಲು ಎದ್ದು ನಿಲ್ಲುತ್ತಿದ್ದ ದಿನಗಳಲ್ಲಿ ಅಂಥ ಮದುವೆ ನಡೆಯುವುದು ಹೇಗೆ? ಪ್ಲೇಗು ಒಂದು ವರ್ಷಕ್ಕೆ ಮುಗಿದ ಮಾರಿಯೂ ಆಗಿರಲಿಲ್ಲ, ದಶಕಗಳ ಕಾಲ ಮತ್ತೆ ಮತ್ತೆ ಮರಳಿ ಬಂತು. ಬೆಂಗಳೂರಿನ ಪೇಟೆಯ ಇಕ್ಕಟ್ಟು ತಪ್ಪಿಸಲು ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲ ರಸ್ತೆಯ, ಮನೆಸುತ್ತ ಜಾಗವಿರುವ ಬಡಾವಣೆಗಳು ಬೆಳೆದವು. ಮನೆಯಂಗಳದಲ್ಲೇ ಚಪ್ಪರ ಹಾಕುವಷ್ಟು ಜಾಗ ಮಧ್ಯಮ ವರ್ಗಕ್ಕೆ ಸಿಕ್ಕಿದ್ದು ಈ ಬಡಾವಣೆಗಳಲ್ಲಿ. ಮದುವೆ ಛತ್ರಕ್ಕೆ ಸರಿದದ್ದು ಆಮೇಲಿನ ಕಥೆ.

1918ರ ಇನ್‌ಫ್ಲುಯೆಂಜಾ ಇನ್ನೂ ಭೀಕರವಾಗಿತ್ತು. ಆದರೆ ಅದು ಬೇಸಿಗೆಯ ಲಗ್ನಗಳೆಲ್ಲ ಮುಗಿದ ಮೇಲೆ, ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ಉಲ್ಬಣಿಸಿ, ಕಟ್ಟುಪಾಡುಗಳನ್ನು ರೂಪಿಸುವಷ್ಟು ಹೊತ್ತೂ ಕೊಡದೆ ಹಾದುಹೋಯಿತು.

ಅತಿಥಿಗಳ ತಲೆ ಎಣಿಸುವ ಆದೇಶಗಳು ಬಂದದ್ದು ರೋಗಕ್ಕಿಂತ ಹೆಚ್ಚಾಗಿ ಹಸಿವಿನ ಕಾರಣದಿಂದ. ಆಹಾರ ಧಾನ್ಯದ ಕೊರತೆ ಕಾಡಿದ 1960–70ರ ದಶಕಗಳಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ ಮುಂತಾದ ರಾಜ್ಯಗಳು ಅತಿಥಿ ನಿಯಂತ್ರಣ ಆದೇಶ ಹೊರಡಿಸಿ ಮದುವೆ ಊಟಕ್ಕೆ ಮಿತಿ ಹಾಕಿದ್ದವು. ಜಮ್ಮು ಮತ್ತು ಕಾಶ್ಮೀರ 2017ರಲ್ಲೂ ಅಂಥ ಆದೇಶ ಹೊರಡಿಸಿ ಮಗಳ ಮದುವೆಗೆ 500, ಮಗನ ಮದುವೆಗೆ 400 ಎಂದು ಗೆರೆ ಎಳೆಯಿತು. ಕರ್ನಾಟಕದಲ್ಲಿ ಸರಳತೆಯ ಮಾತು ಹೆಚ್ಚಾಗಿ ಬಂದದ್ದು ಸಾಹಿತಿಗಳಿಂದ, ಮಠ ಮತ್ತು ಕ್ಷೇತ್ರಗಳಿಂದ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ ನೆರವೇರಿಸಿದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಆರಂಭಿಸಿದರು. ಇವೆಲ್ಲ ಜನ ತಾವಾಗಿ ಆರಿಸಿಕೊಂಡ ದಾರಿಗಳು. ಯಾರೂ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿರಲಿಲ್ಲ.

2020ರ ಮಾರ್ಚ್ ಮೊದಲ ವಾರದವರೆಗೂ ಇಲ್ಲಿ ಯಾರಿಗೂ ಅಂಥ ಮಿತಿಯ ಕಲ್ಪನೆಯೇ ಇರಲಿಲ್ಲ. ಆಗಿನ ಆರೋಗ್ಯ ಸಚಿವ ಬಿ. ಶ್ರೀರಾಮುಲು ಅವರ ಮಗಳ ಮದುವೆ ಮಾರ್ಚ್ 5ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜೃಂಭಣೆಯಿಂದ ನಡೆಯಿತು. ಐದು ದಿನದ ನಂತರ, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೋವಿಡ್‌ಗೆ ಮೊದಲ ಬಲಿ ಅದೆಂದು ಎರಡು ದಿನದಲ್ಲಿ ಖಚಿತವಾಯಿತು. 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾಲು, ಚಿತ್ರಮಂದಿರಗಳ ಜೊತೆಗೆ ಮದುವೆಯಂಥ ಸಮಾರಂಭಗಳನ್ನೂ ಒಂದು ವಾರ ನಿಲ್ಲಿಸಬೇಕೆಂದು ಪ್ರಕಟಿಸಿದರು. 15ರಂದು ಅವರೇ ಬೆಳಗಾವಿಯಲ್ಲಿ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರ ಮನೆಯ ಅದ್ದೂರಿ ಮದುವೆಗೆ ಹೋದದ್ದು ಟೀಕೆಗೆ ಗುರಿಯಾಯಿತು. ನಿಯಮ ಮಾಡಿದವರಿಗೂ ಮದುವೆಯ ಕರೆ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಆ ದಿನವೇ ತಿಳಿದುಹೋಗಿತ್ತು.

ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನ ಮಾರ್ಚ್ 25. ಅಂದು ಯುಗಾದಿ. ಬೇವುಬೆಲ್ಲದ ಜೊತೆಗೆ ಹೊಸ ಪಂಚಾಂಗ ತೆಗೆದು ವರ್ಷದ ಲಗ್ನಗಳನ್ನು ಗುರುತಿಸುವ ದಿನ.

ಅಲ್ಲಿಂದ ಮುಂದೆ ಪಂಚಾಂಗಕ್ಕೂ ಸರ್ಕಾರಿ ಆದೇಶಕ್ಕೂ ನಡುವೆ ಸಿಕ್ಕಿಕೊಂಡ ಮನೆಗಳ ಪಾಡು ಈ ಇತಿಹಾಸದ ಮನಕಲಕುವ ಭಾಗ. ಚೈತ್ರ, ವೈಶಾಖದ ಲಗ್ನಗಳು ಕೈಬಿಟ್ಟವು. ಅಕ್ಷಯ ತೃತೀಯ ಏಪ್ರಿಲ್ 26ರಂದು ಬಂದು ಹೋಯಿತು. ಮೇ 1ರ ಕೇಂದ್ರ ಗೃಹ ಸಚಿವಾಲಯದ ಆದೇಶ ಮದುವೆಗೆ 50 ಜನ, ಅಂತ್ಯಸಂಸ್ಕಾರಕ್ಕೆ 20 ಜನ ಎಂದಿತು. ಮುಂದಕ್ಕೆ ಹಾಕೋಣ ಎಂದುಕೊಂಡವರಿಗೆ ಜೂನ್ ಕೊನೆಯಲ್ಲಿ ಆಷಾಢ ಅಡ್ಡ ಬಂತು. ಶ್ರಾವಣ ಮುಗಿದು ಪಿತೃಪಕ್ಷ ಕಳೆಯುವಷ್ಟರಲ್ಲಿ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ ಅಧಿಕ ಆಶ್ವಯುಜ. ಕಾರ್ತಿಕ, ಮಾರ್ಗಶಿರದಲ್ಲಿ ಒಂದಷ್ಟು ಲಗ್ನಗಳು ನಡೆದು ಧನುರ್ಮಾಸ ಬಂತು. ಸಂಕ್ರಾಂತಿ ಕಳೆದ ಮೇಲೆ ಮಾಡೋಣವೆಂದರೆ 2021ರ ಜನವರಿ ನಡುವಿನಿಂದ ಗುರು ಅಸ್ತ, ಅದರ ಬೆನ್ನಿಗೇ ಶುಕ್ರ ಅಸ್ತ. ಅನೇಕ ಪಂಚಾಂಗಗಳು ಏಪ್ರಿಲ್ ಮೂರನೆಯ ವಾರದವರೆಗೂ ಒಳ್ಳೆಯ ಮುಹೂರ್ತ ಕೊಡಲಿಲ್ಲ. ಗ್ರಹಗಳ ಮೌಢ್ಯ ಕಳೆದು ಲಗ್ನಗಳು ತೆರೆದುಕೊಂಡದ್ದು ಸರಿಯಾಗಿ ಎರಡನೆಯ ಅಲೆ ಎದ್ದ ವಾರದಲ್ಲಿ. ಏಪ್ರಿಲ್ 27ರಂದು ರಾಜ್ಯದಲ್ಲಿ ಕೊರೊನಾ ಕರ್ಫ್ಯೂ ಬಿತ್ತು. ಮೇ 14ರ ಅಕ್ಷಯ ತೃತೀಯವೂ ಲಾಕ್‌ಡೌನಿನಲ್ಲೇ ಕಳೆಯಿತು. ಒಂದೂಕಾಲು ವರ್ಷದಲ್ಲಿ ಮೂರು ಬಾರಿ ಲಗ್ನ ಗೊತ್ತುಮಾಡಿ ಮೂರು ಬಾರಿ ಮುಂದೂಡಿದ ಮನೆಗಳು ಇದ್ದವೆಂದರೆ ಅದರಲ್ಲಿ ಅತಿಶಯವಿಲ್ಲ.

ಸರ್ಕಾರಕ್ಕೂ ಇದರ ಅರಿವಿತ್ತು. 2020ರ ಮೇ 24 ಮತ್ತು 31ರ ಭಾನುವಾರಗಳಂದು ರಾಜ್ಯದಲ್ಲಿ ಸಂಪೂರ್ಣ ಲಾಕ್‌ಡೌನ್ ಘೋಷಿಸಿದಾಗ, ಮೊದಲೇ ಗೊತ್ತಾಗಿದ್ದ ಮದುವೆಗಳಿಗೆ ವಿನಾಯಿತಿ ಕೊಡಲಾಯಿತು.

ವಿನಾಯಿತಿ ಸಿಕ್ಕರೂ ಷರತ್ತುಗಳು ಬಿಗಿಯಾಗಿದ್ದವು. ಆ ಬೇಸಿಗೆಯ ಮಾರ್ಗಸೂಚಿಯ ಪ್ರಕಾರ ಹವಾನಿಯಂತ್ರಣ ಇರಕೂಡದು, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟು ಜ್ವರ ಅಳೆಯಬೇಕು, ಬಂದವರ ಹೆಸರು, ದೂರವಾಣಿ ಸಂಖ್ಯೆ ಬರೆದಿಡಬೇಕು, ಮದ್ಯ ಮತ್ತು ತಂಬಾಕು ನಿಷಿದ್ಧ. ಇಷ್ಟೂ ಪಾಲಿಸಬಹುದಾದವೇ. ಎದೆಗೆ ನಾಟಿದ್ದು ಇನ್ನೊಂದು ಸಾಲು: 65 ವರ್ಷ ಮೀರಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಬರುವಂತಿಲ್ಲ. ವೈದ್ಯರ ದೃಷ್ಟಿಯಿಂದ ಅದು ಸರಿಯಾದ ಮಾತು. ಎರಡನೆಯ ಅಲೆಯಲ್ಲಿ ಊರೂರಿನಲ್ಲಿ ಎದ್ದ ಹೆಣಗಳನ್ನು ಕಂಡ ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಅಜ್ಜಿಯ ಕೈಯಿಂದ ಮೊದಲ ಅಕ್ಷತೆ ಬೀಳದ ಮದುವೆಯನ್ನು ಆ ಮನೆಗಳು ಅದಕ್ಕೆ ಮೊದಲು ಕಂಡಿರಲಿಲ್ಲ. ಮೊಮ್ಮಗಳ ಧಾರೆಯನ್ನು ಮೊಬೈಲಿನ ಪರದೆಯಲ್ಲಿ ನೋಡಿ, ಅಲ್ಲಿಂದಲೇ ಕೈಯೆತ್ತಿ ಹರಸಿದ ಹಿರಿಯರಲ್ಲಿ ಕೆಲವರು ಮುಂದಿನ ಬೇಸಿಗೆಯ ಹೊತ್ತಿಗೆ ಇರಲಿಲ್ಲ.

ದೊಡ್ಡವರ ಮನೆಗಳಿಗೂ ಲೆಕ್ಕ ತಪ್ಪಲಿಲ್ಲ. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗ, ನಟ ನಿಖಿಲ್ ಮದುವೆಗೆ ರಾಮನಗರ–ಚನ್ನಪಟ್ಟಣ ನಡುವೆ ಜಾನಪದ ಲೋಕದ ಬಳಿ ವಿಶಾಲ ಮಂಟಪ ಹಾಕಿ ಲಕ್ಷಾಂತರ ಜನರನ್ನು ಕರೆಯುವ ಯೋಜನೆ ಇತ್ತು. ಕೊನೆಗೆ ಅದು 2020ರ ಏಪ್ರಿಲ್ 17ರಂದು ಬಿಡದಿ ಬಳಿಯ ಕೇತಗಾನಹಳ್ಳಿಯ ತೋಟದ ಮನೆಯಲ್ಲಿ ಹತ್ತಿರದ ಬಂಧುಗಳ ನಡುವೆ ನಡೆಯಿತು. ಆಗಲೂ ಅಂತರ ಕಾಯಲಿಲ್ಲ, ಮಾಸ್ಕ್ ಹಾಕಲಿಲ್ಲ ಎಂಬ ಚರ್ಚೆ ದೇಶದ ತುಂಬ ಆಯಿತು.

ಜನರ ಮಿತಿ ಏರಿಳಿಯುತ್ತಲೇ ಹೋಯಿತು. 2021ರ ಫೆಬ್ರವರಿಯಲ್ಲಿ 500 ಜನಕ್ಕೆ ಅನುಮತಿ ಇತ್ತು, ಛತ್ರಗಳಲ್ಲಿ ನಿಗಾ ಇಡಲು ಮಾರ್ಷಲ್‌ಗಳನ್ನು ನೇಮಿಸುವುದಾಗಿ ಆಗ ಆರೋಗ್ಯ ಸಚಿವರಾಗಿದ್ದ ಕೆ. ಸುಧಾಕರ್ ಹೇಳಿದ್ದರು. ಏಪ್ರಿಲ್ ನಡುವೆ ಅದು ಬಯಲಿನಲ್ಲಿ 200, ಒಳಾಂಗಣದಲ್ಲಿ 100 ಆಯಿತು. ಕೆಲವೇ ದಿನದಲ್ಲಿ 50, ಮತ್ತೆ 40. ಜುಲೈ 5ರಿಂದ 100. ಒಮೈಕ್ರಾನ್ ಭಯದ ಡಿಸೆಂಬರಿನಲ್ಲಿ 500, 2022ರ ಜನವರಿಯಲ್ಲಿ ಮತ್ತೆ 200 ಮತ್ತು 100. ಇನ್ನೂರು ಜನಕ್ಕೆ ಪತ್ರಿಕೆ ಹಂಚಿ ಬಂದ ಮೇಲೆ ಐವತ್ತೇ ಎಂದರೆ, ಕರೆದವರಿಗೆ ಬರಬೇಡಿ ಎಂದು ಫೋನು ಮಾಡಬೇಕು. ಕರೆಯೋಲೆ ಕೊಟ್ಟ ಬಾಯಲ್ಲೇ ಬರಬೇಡಿ ಎನ್ನುವ ನೋವು ಎಷ್ಟೋ ತಂದೆ ತಾಯಿಯರ ಪಾಲಿಗೆ ಲಾಕ್‌ಡೌನಿಗಿಂತ ದೊಡ್ಡದಾಗಿತ್ತು.

ಮುಯ್ಯಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮದುವೆಗೆ ಬಂದವರು ಕೊಟ್ಟ ಹಣವನ್ನು ಬಾಗಿಲ ಬಳಿ ಕುಳಿತವರೊಬ್ಬರು ನೋಟ್ ಪುಸ್ತಕದಲ್ಲಿ ಹೆಸರು, ಊರು ಸಮೇತ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಕೊಟ್ಟದ್ದಕ್ಕೆ ಕಮ್ಮಿಯಿಲ್ಲದಂತೆ ಹಿಂದಿರುಗಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಬಟ್ಟೆಬರೆ ಕೊಟ್ಟು ಆಯೇರು ಮಾಡುವಾಗಲೂ ಇದೇ ಮನಸ್ಸು. ಬಡ್ಡಿಯಿಲ್ಲದ, ಪತ್ರವಿಲ್ಲದ, ನಂಬಿಕೆಯ ಮೇಲೆ ನಡೆಯುವ ಸಾಲ ಇದು. ಹತ್ತು ಹದಿನೈದು ವರ್ಷ ಊರಿನವರ ಮದುವೆಗಳಿಗೆಲ್ಲ ಮುಯ್ಯಿ ಮಾಡಿದ ರೈತನೊಬ್ಬ ತನ್ನ ಮಗಳ ಮದುವೆಗೆ ಅದು ಒದಗುತ್ತದೆಂದು ನಂಬಿರುತ್ತಾನೆ. ಐವತ್ತು ಜನರ ಮದುವೆಯಲ್ಲಿ ಅದು ಒದಗಲಿಲ್ಲ. ಕೆಲವರು ಮೊಬೈಲಿನಲ್ಲೇ ಹಣ ಕಳಿಸಿದರು, ಕೆಲವರು ತಿಂಗಳ ನಂತರ ಮನೆಗೆ ಬಂದು ಕೊಟ್ಟರು. ಮದುವೆ ಸಣ್ಣದಾಯಿತು, ಖರ್ಚು ಉಳಿಯಿತು ಎಂದು ನಗರದ ಪತ್ರಿಕೆಗಳು ಬರೆದ ದಿನಗಳಲ್ಲಿ, ಬರಬೇಕಾದ ಮುಯ್ಯಿ ಬಾರದೆ ಸಾಲ ತೀರಿಸಲು ತಿಣುಕಿದ ಮನೆಗಳ ಲೆಕ್ಕ ಯಾರೂ ತೆಗೆಯಲಿಲ್ಲ.

ಇನ್ನು ಮದುವೆಯನ್ನು ನಂಬಿ ಬದುಕುವವರು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಮುಚ್ಚಿದಾಗ ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ರೈತರು ಸೇವಂತಿಗೆ, ಗುಲಾಬಿ, ಚೆಂಡುಹೂವನ್ನು ಬಿಡಿಸಿ ಹೊಲದಲ್ಲೇ ಸುರಿದರು. 2020ರ ಮೇ 6ರಂದು ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿ ಪರಿಹಾರದಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಇತ್ತು. ಹೂವು ಹಾಳಾದ ಪ್ರದೇಶ 11,687 ಹೆಕ್ಟೇರ್ ಎಂದು ಸರ್ಕಾರದ ಅಂದಾಜು. ಮರುವರ್ಷ ಮೇ 19ರ 1,250 ಕೋಟಿಯ ಪ್ಯಾಕೇಜಿನಲ್ಲಿ ಈ ನೆರವು ಹೆಕ್ಟೇರಿಗೆ 10,000ಕ್ಕೆ ಇಳಿಯಿತು. ಲಗ್ನಗಳಿಲ್ಲದೆ ಸೀರೆ ಹೋಗಲಿಲ್ಲ. ಸೀರೆ ಹೋಗದೆ ರೇಷ್ಮೆಗೆ ಬೇಡಿಕೆ ಕುಸಿಯಿತು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು. ಧಾರೆ ಸೀರೆ ಎಂಬ ಒಂದು ಬಟ್ಟೆಯ ಹಿಂದೆ ಹಿಪ್ಪುನೇರಳೆ ತೋಟದಿಂದ ಮಗ್ಗದವರೆಗೆ ಎಷ್ಟು ಸಂಸಾರಗಳು ನಿಂತಿವೆ ಎಂಬುದು ಆ ಬೇಸಿಗೆಯಲ್ಲಿ ಎದ್ದು ಕಂಡಿತು.

ಹೂವಿಗೆ ಹೆಕ್ಟೇರಿನ ಲೆಕ್ಕವಾದರೂ ಇತ್ತು. ಅಡುಗೆ ಭಟ್ಟರ ಹಿಂದೆ ಬರುವ ತರಕಾರಿ ಹೆಚ್ಚುವವರು, ಬಡಿಸುವವರು, ಎಲೆ ಎತ್ತುವವರು, ಪಾತ್ರೆ ತೊಳೆಯುವ ಹೆಂಗಸರು ಯಾವ ದಫ್ತರದಲ್ಲೂ ಇಲ್ಲ. ಇವರಿಗೆ ವರ್ಷದ ದುಡಿಮೆಯೆಂದರೆ ಬೇಸಿಗೆಯ ನಾಲ್ಕು ತಿಂಗಳ ಲಗ್ನಗಳೇ. ಎರಡು ಬೇಸಿಗೆ ಸತತವಾಗಿ ಕೈತಪ್ಪಿದವು. ವಾಲಗದವರು, ಬ್ಯಾಂಡ್‌ಸೆಟ್ಟಿನವರು, ಶಾಮಿಯಾನ ಮತ್ತು ಸೌಂಡ್ ಸಿಸ್ಟಂನವರು, ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನವರು ಎಲ್ಲರದೂ ಇದೇ ಕಥೆ. ಛತ್ರದ ಮುಂಗಡ ವಾಪಸು ಕೊಡಿ ಎಂದು ಗ್ರಾಹಕರ ಆಯೋಗದ ಮೆಟ್ಟಿಲೇರಿದವರಿದ್ದರು. ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ ಕಟ್ಟುತ್ತ ಖಾಲಿ ಸಭಾಂಗಣ ಕಾದ ಮಾಲೀಕರೂ ಇದ್ದರು. ಎರಡೂ ಕಡೆ ನ್ಯಾಯವಿತ್ತು.

ಛತ್ರಗಳಿಗೆ ಆ ದಿನಗಳಲ್ಲಿ ಇನ್ನೊಂದು ಉಪಯೋಗವೂ ಒದಗಿತು. ಮೈಸೂರಿನ ಹಳೆಯ ನಂಜರಾಜ ಬಹದ್ದೂರ್ ಛತ್ರದಲ್ಲಿ 2020ರ ಲಾಕ್‌ಡೌನ್ ಕಾಲಕ್ಕೆ ಬೀದಿಬದಿಯ ನಿರ್ಗತಿಕರಿಗೆ ವಸತಿ, ಊಟ ನಡೆಯಿತು. ಛತ್ರ ಕಟ್ಟಿಸುವುದು ಪುಣ್ಯವೆಂದು ನಂಬಿದ್ದ ಹಿಂದಿನವರು ಯಾತ್ರಿಕರಿಗೂ ದಿಕ್ಕಿಲ್ಲದವರಿಗೂ ಸೂರು ಕೊಡಲೆಂದೇ ಅವನ್ನು ಕಟ್ಟಿಸಿದ್ದರು. ಮದುವೆಯ ಬಾಡಿಗೆ ಅವುಗಳ ಮುಖ್ಯ ಆದಾಯವಾದದ್ದು ಬಹಳ ತಡವಾಗಿ.

ಗಡಿಯ ಮದುವೆಗಳದು ಬೇರೆಯೇ ಪಾಡು. ಕಾಸರಗೋಡಿನ ಕನ್ನಡ, ತುಳು ಮನೆತನಗಳಿಗೆ ಮಂಗಳೂರಿನ ಕಡೆ ಹೆಣ್ಣು ಕೊಡುವುದು ತರುವುದು ತಲೆಮಾರುಗಳಿಂದ ನಡೆದದ್ದು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಅರ್ಧ ಗಂಟೆಯ ದಾರಿ ಪರದೇಶವಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರಿಗೆ ವಿಜಯಪುರ, ಕಲಬುರಗಿಯ ಬೀಗರು ಹೀಗೆಯೇ ದೂರವಾದರು. ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ಪಾಸು ಪಡೆಯಬೇಕಿತ್ತು. 2021ರ ಫೆಬ್ರವರಿಯ ನಂತರ ಕೇರಳ, ಮಹಾರಾಷ್ಟ್ರದಿಂದ ಬರುವವರು ಆರ್‌ಟಿ–ಪಿಸಿಆರ್ ವರದಿಯನ್ನೂ ತೋರಿಸಬೇಕಾಯಿತು. ದಿಬ್ಬಣದ ಬಸ್ಸು ಹೊರಡುವ ಜಾಗದಲ್ಲಿ ಮದುಮಗ, ಅಪ್ಪ ಅಮ್ಮ ಒಂದೇ ಕಾರಿನಲ್ಲಿ ಹೊರಟರು.

ಇವೆಲ್ಲ ಕಾಲ ಕಳೆದಂತೆ ಮಾಯುವ ಗಾಯಗಳು. ಮಾಯದ ಗಾಯ ಇನ್ನೊಂದಿದೆ.

ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಶಿಶುವಿವಾಹ ತಡೆಯುವ ಕಾನೂನು ತಂದಿತ್ತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತ್ತು. ಇಂದಿನ ಕಣ್ಣಿಗೆ ಅದು ಅಲ್ಪ. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆ. ಅಲ್ಲಿಂದ ನಡೆದು ಬಂದು, 2017ರ ಹೊತ್ತಿಗೆ ಕರ್ನಾಟಕ ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತನ್ನದೇ ತಿದ್ದುಪಡಿ ಮಾಡಿ, ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ತಹಸೀಲ್ದಾರರು, ಪಂಚಾಯಿತಿಯ ಪಿಡಿಒಗಳು ಮುಂತಾದವರಿಗೆ ಬಾಲ್ಯವಿವಾಹ ತಡೆಯುವ ಅಧಿಕಾರವಿದೆ.

ಅಧಿಕಾರವಿದ್ದರೂ ಸುದ್ದಿ ಮುಟ್ಟಬೇಕಲ್ಲ. ಸುದ್ದಿ ಮುಟ್ಟಿಸುತ್ತಿದ್ದವರು ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಜೊತೆಗೆ ಓದುವ ಗೆಳತಿ, ಛತ್ರದ ಮ್ಯಾನೇಜರು, ಊಟಕ್ಕೆ ಬಂದ ಯಾರೋ ಒಬ್ಬರು. 2020ರ ಮಾರ್ಚ್‌ನಿಂದ ಶಾಲೆ ಮುಚ್ಚಿತ್ತು. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮನೆಮನೆಯ ಕೋವಿಡ್ ಸಮೀಕ್ಷೆಯಲ್ಲಿದ್ದರು. ಛತ್ರಕ್ಕೆ ಬೀಗ. ಪಟ್ಟಣದಲ್ಲಿ ಕೂಲಿ ಕಳೆದುಕೊಂಡು ಊರಿಗೆ ಮರಳಿದ ಅಪ್ಪನಿಗೆ ಮನೆಯಲ್ಲೇ ಕುಳಿತ ಹದಿನಾರರ ಮಗಳು ಚಿಂತೆಯಾಗಿ ಕಂಡಳು. ಹತ್ತು ಜನರ ಮದುವೆಗೆ ಈಗ ಯಾರೂ ಏಕೆಂದು ಕೇಳುವುದಿಲ್ಲ, ಖರ್ಚೂ ಇಲ್ಲ. ಹಿತ್ತಿಲಲ್ಲಿ, ಊರಾಚೆಯ ಗುಡಿಯಲ್ಲಿ ತಾಳಿ ಬಿದ್ದರೆ ನೋಡುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಗಳ ಪ್ರಕಾರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ದೇಶದಲ್ಲಿ 2019ರಲ್ಲಿ ದಾಖಲಾದ ಪ್ರಕರಣ 523. 2020ರಲ್ಲಿ ಅದು 785ಕ್ಕೆ ಏರಿತು. ಅವುಗಳಲ್ಲಿ 184 ಕರ್ನಾಟಕದವು, ಯಾವ ರಾಜ್ಯಕ್ಕಿಂತಲೂ ಹೆಚ್ಚು. 2021ರಲ್ಲಿ ದೇಶದ ಅಂಕಿ 1,050, ಕರ್ನಾಟಕದ್ದು 273. ದೂರು ದಾಖಲಿಸುವಲ್ಲಿ ರಾಜ್ಯ ಚುರುಕಾಗಿದ್ದುದೂ ಈ ಏರಿಕೆಗೆ ಒಂದು ಕಾರಣವಿರಬಹುದು. ಹಾಗೆಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಈ ಅಂಕಿಯಲ್ಲಿ ಇರುವುದು ಸಿಕ್ಕಿಬಿದ್ದವು ಮಾತ್ರ. ಆ ಎರಡು ವರ್ಷದಲ್ಲಿ ಶಾಲೆಯ ಹಾಜರಿಯಿಂದ ಹೆಸರು ಕಳೆದುಹೋದ ಹುಡುಗಿಯರ ಪೈಕಿ ಎಷ್ಟು ಜನ ಕಂಕುಳಲ್ಲಿ ಕೂಸು ಹೊತ್ತಿದ್ದಾರೆ ಎಂಬುದು ಅವರ ಊರಿನ ಮೇಷ್ಟ್ರುಗಳಿಗೆ ಗೊತ್ತು. ಸಾಂಕ್ರಾಮಿಕ ಕಾಲದ ಮದುವೆಗಳ ಚರಿತ್ರೆ ಬರೆಯುವವರು ವಿಡಿಯೊ ಲಿಂಕಿನ ಮದುವೆಗಳಿಗೆ, ಮುತ್ತು ಪೋಣಿಸಿದ ಮಾಸ್ಕ್‌ಗಳಿಗೆ ಕೊಟ್ಟಷ್ಟು ಜಾಗವನ್ನು ಈ ಹುಡುಗಿಯರಿಗೂ ಕೊಡಬೇಕು.

ಬಡವರ ಮನೆಯ ಮದುವೆಗೆ ಜನರನ್ನೂ ಸಾಕ್ಷಿಯನ್ನೂ ಒದಗಿಸುವ ಯೋಜನೆಯೊಂದು ಇದೇ ಕಾಲಕ್ಕೆ ನಿಂತುಹೋಗಿತ್ತು. ಆಗಿನ ಮುಜರಾಯಿ ಸಚಿವ ಕೋಟ ಶ್ರೀನಿವಾಸ ಪೂಜಾರಿ ರೂಪಿಸಿದ್ದ ಸಪ್ತಪದಿ ಸಾಮೂಹಿಕ ವಿವಾಹ ಯೋಜನೆಯಲ್ಲಿ ರಾಜ್ಯದ ಸುಮಾರು ನೂರು ದೊಡ್ಡ ದೇವಸ್ಥಾನಗಳು ತಮ್ಮ ನಿಧಿಯಿಂದ ಒಂದೊಂದು ಜೋಡಿಗೆ 55,000 ರೂಪಾಯಿ ವೆಚ್ಚ ಮಾಡಬೇಕಿತ್ತು: ವರನಿಗೆ ಪಂಚೆ, ಶರ್ಟು, ಶಲ್ಯಕ್ಕೆ 5,000, ವಧುವಿನ ಧಾರೆ ಸೀರೆ, ರವಿಕೆಗೆ 10,000, ಮಾಂಗಲ್ಯ ಮತ್ತು ಎರಡು ಗುಂಡಿನ 8 ಗ್ರಾಂ ಚಿನ್ನಕ್ಕೆ 40,000. ಮೊದಲ ದಿನಾಂಕ 2020ರ ಏಪ್ರಿಲ್ 26, ಎರಡನೆಯದು ಮೇ 24. ಒಂದು ಲಾಕ್‌ಡೌನಿನ ನಡುವಿನ ಅಕ್ಷಯ ತೃತೀಯ, ಇನ್ನೊಂದು ಸಂಪೂರ್ಣ ಬಂದ್ ಆಗಿದ್ದ ಭಾನುವಾರ. ಎರಡೂ ನಡೆಯಲಿಲ್ಲ. ಕೇಂದ್ರ ಸರ್ಕಾರದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡ ಬಳಿಕ, ಆ ಬೇಸಿಗೆಯಲ್ಲಿ ಮುಜರಾಯಿ ಇಲಾಖೆ ಸಪ್ತಪದಿಗೆ ಮತ್ತೆ ದಿನ ಗೊತ್ತುಮಾಡಿ ದೇವಸ್ಥಾನಗಳಲ್ಲಿ ಅರ್ಜಿ ಕರೆಯಿತು. ಅರ್ಜಿಯ ಜೊತೆಗೆ ವಧುವಿಗೆ 18, ವರನಿಗೆ 21 ತುಂಬಿದ್ದಕ್ಕೆ ದಾಖಲೆ ಲಗತ್ತಿಸಬೇಕಿತ್ತು.